ಜ್ವರ ಯಾರಿಗೆ: ಟೇಪಿಗೋ, ಕ್ಯಾಮೆರಾಕ್ಕೋ?

ಅಟ್ಟದ ಮೇಲಿದ್ದ ಹಳೆಯ ಹ್ಯಾಂಡಿಕ್ಯಾಮ್ ಕೆಳಗಿಳಿಯುತ್ತದೆ. ಧೂಳು ಒರೆಸಿ, ನಾಮಕರಣದ್ದೋ ಗೃಹಪ್ರವೇಶದ್ದೋ ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ ಮನೆಮಂದಿಯೆಲ್ಲ ಕಾದು ಕೂರುತ್ತಾರೆ. ಪರದೆಯ ಮೇಲೆ ಅಜ್ಜಿಯ ಮುಖ ಮೂಡುವುದಿಲ್ಲ. ಕುದಿಯುವ ಎಸರಿನಂತೆ ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ. ಐದು ನಿಮಿಷ ಕಳೆಯುವುದರೊಳಗೆ ಯಾರೋ ಒಬ್ಬರು ತೀರ್ಪು ಕೊಟ್ಟುಬಿಡುತ್ತಾರೆ: "ಎಷ್ಟು ವರ್ಷ ಆಯ್ತು, ಎಲ್ಲ ಅಳಿಸಿಹೋಗಿದೆ ಬಿಡಿ." ಕ್ಯಾಸೆಟ್ಟು ಹಳೆ ಪೇಪರಿನ ಜೊತೆ ಗುಜರಿಗೆ ಸೇರುತ್ತದೆ.

ಈ ತೀರ್ಪು ಅನೇಕ ಸಲ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಂತೆ, ಕಾಯಿಲೆ ಯಂತ್ರಕ್ಕಿದ್ದರೂ ಶಿಕ್ಷೆ ಟೇಪಿಗೆ ಆಗುತ್ತದೆ. ಕೆಟ್ಟ ಯಂತ್ರದ ಬದಲು ಇನ್ನೊಂದನ್ನು ಹುಡುಕಬಹುದು. ಆದರೆ ಆ ಟೇಪಿನಲ್ಲಿರುವ, ಈಗ ಇಲ್ಲವಾದ ಹಿರಿಯರ ನಡೆ, ನಗು, ದನಿ ಬೇರೆಲ್ಲೂ ಸಿಗಲಾರವು. ಇಂದಿನ ಮೊಬೈಲ್ ಚಿತ್ರಕ್ಕೆ ಹತ್ತಾರು ಪ್ರತಿಗಳಿರುತ್ತವೆ. ಅಂದಿನ ಟೇಪಿಗೆ ಇದ್ದದ್ದು ಒಂದೇ ಪ್ರತಿ. ಆದ್ದರಿಂದ ಹಳೆಯ ಕ್ಯಾಮ್‌ಕಾರ್ಡರ್ ಸತಾಯಿಸಿದಾಗ ಮೊದಲು ಕೇಳಬೇಕಾದದ್ದು "ಇದನ್ನು ರಿಪೇರಿ ಮಾಡುವುದು ಹೇಗೆ?" ಎಂದಲ್ಲ, "ತಪ್ಪು ಯಾರದು?" ಎಂದು. ಈ ಪ್ರಶ್ನೆಗೆ ಉತ್ತರ ಹುಡುಕಲು ಹತ್ತನೇ ತರಗತಿಯ ವಿಜ್ಞಾನವೇ ಸಾಕು.

ಮರೆಯುವುದು ಕಬ್ಬಿಣವಲ್ಲ, ಅಂಟು

ಕ್ಯಾಸೆಟ್ಟಿನೊಳಗಿನ ಪಟ್ಟಿ ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್ಕಿನದು. ತಲೆಗೂದಲಿಗಿಂತಲೂ ತೆಳು. ಹೆಚ್ಚಿನ ಟೇಪುಗಳಲ್ಲಿ ಅದರ ಒಂದು ಮೈಗೆ ಕಾಂತಗುಣವುಳ್ಳ ಲೋಹದ ಅತಿ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಚಿತ್ರೀಕರಣದ ವೇಳೆ ಹೆಡ್ ಎಂಬ ಪುಟ್ಟ ವಿದ್ಯುತ್ಕಾಂತ ಈ ಪುಡಿಯ ಮೇಲೆ ಹಾದುಹೋಗುತ್ತ, ಕಣಗಳನ್ನು ಚಿಕ್ಕ ಚಿಕ್ಕ ಅಯಸ್ಕಾಂತಗಳನ್ನಾಗಿ ಮಾಡುತ್ತದೆ. ಮರುಪ್ರದರ್ಶನದಲ್ಲಿ ಇದರ ತಿರುವುಮುರುವು. ಆ ಅಯಸ್ಕಾಂತಗಳು ಹೆಡ್‌ನ ಮುಂದೆ ಚಲಿಸಿದಾಗ ಅದರ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು.

ಹೀಗೆ ಬರೆದ ಕಾಂತತ್ವ ಸುಲಭಕ್ಕೆ ಅಳಿಯುವಂಥದ್ದಲ್ಲ. ದಿಕ್ಸೂಚಿಯ ಮುಳ್ಳು ಎಷ್ಟು ವರ್ಷವಾದರೂ ಉತ್ತರವನ್ನು ಮರೆಯದಿರುವುದನ್ನು ಎಲ್ಲರೂ ನೋಡಿದ್ದಾರೆ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರವನ್ನು 1898ರಲ್ಲಿ ರೂಪಿಸಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆ ಯಂತ್ರದ ಮುಂದೆ ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಆಡಿದ ಮಾತು ಇಂದಿಗೂ ಕೇಳಲು ಸಿಗುತ್ತದೆ. ಅದು ಬರೀ ಉಕ್ಕು. ಅಲ್ಲಿ ಅಂಟಿನ ಮಾತಿಲ್ಲ.

ನಮ್ಮ ಟೇಪಿನ ದುರ್ಬಲ ಭಾಗವೆಂದರೆ ಆ ಅಂಟು. ಗಾಳಿಯ ತೇವವನ್ನು ಹೀರಿ ಅದು ನಿಧಾನಕ್ಕೆ ವಿಭಜನೆಯಾಗುತ್ತದೆ. ಮೆತ್ತಗಾದ ಅಂಟು ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಅತ್ತ ಯಂತ್ರದಲ್ಲಿ ರಬ್ಬರು ಗಟ್ಟಿಯಾಗುತ್ತದೆ, ಗ್ರೀಸು ಒಣಗುತ್ತದೆ, ಪ್ಲಾಸ್ಟಿಕ್ ಹಲ್ಲುಚಕ್ರ ಬಿರುಕು ಬಿಡುತ್ತದೆ. ಬರಹ ಹಾಗೇ ಇರುತ್ತದೆ. ಓದುವ ಕಣ್ಣಿಗೆ ಪೊರೆ ಬಂದಿರುತ್ತದೆ. ಪರದೆಯ ಮೇಲೆ ಚುಕ್ಕೆ ಕಂಡಿತೆಂದರೆ "ಓದಲಾಗುತ್ತಿಲ್ಲ" ಎಂದಷ್ಟೇ ಅರ್ಥ. "ಬರಹವಿಲ್ಲ" ಎಂದಲ್ಲ.

ಆಮೆಯ ಬೆನ್ನಿನ ಮೇಲೆ ಬುಗುರಿ

ಆಡಿಯೊ ಟೇಪಿನಲ್ಲಿ ಹೆಡ್ ಸುಮ್ಮನೆ ನಿಂತಿರುತ್ತದೆ, ಟೇಪು ಅದರ ಮುಂದೆ ಓಡುತ್ತದೆ. ಚಿತ್ರಕ್ಕೆ ಈ ವೇಗ ಸಾಲದು. ಆದ್ದರಿಂದ ವಿಡಿಯೊ ಯಂತ್ರದಲ್ಲಿ ಹೆಡ್‌ಗಳನ್ನು ಬುಗುರಿಯಂತೆ ತಿರುಗುವ ಡ್ರಮ್ಮಿನ ಅಂಚಿನಲ್ಲಿ ಕೂರಿಸಿ, ಟೇಪನ್ನು ಅದರ ಸುತ್ತ ಓರೆಯಾಗಿ ಸುತ್ತುತ್ತಾರೆ. ಟೇಪು ಆಮೆಯಂತೆ ತೆವಳುತ್ತದೆ. ಹೆಡ್ ಅದರ ಮೇಲೆ ಓರೆಗೆರೆಗಳನ್ನು ಎಳೆಯುತ್ತ ಹೋಗುತ್ತದೆ. ಪ್ರತಿ ಗೆರೆಯೂ ಒಂದು ಟ್ರ್ಯಾಕ್.

1985ರ ಸುಮಾರಿಗೆ ಪೇಟೆಗೆ ಬಂದ ವಿಡಿಯೊ-8 ಮಾದರಿಯನ್ನೇ ತೆಗೆದುಕೊಳ್ಳೋಣ. ಟೇಪಿನ ಅಗಲ 8 ಮಿಲಿಮೀಟರ್. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 2 ಸೆಂಟಿಮೀಟರ್ ಮಾತ್ರ ಮುಂದೆ ಸರಿಯುತ್ತದೆ. ಡ್ರಮ್ಮಿನ ವ್ಯಾಸ 40 ಮಿಲಿಮೀಟರ್. ಸೆಕೆಂಡಿಗೆ 25 ಸುತ್ತು. ವ್ಯಾಸವನ್ನು 3.14ರಿಂದ ಗುಣಿಸಿದರೆ ಪರಿಧಿ. ಅದನ್ನು 25ರಿಂದ ಗುಣಿಸಿದರೆ ಸೆಕೆಂಡಿಗೆ 3.14 ಮೀಟರ್. ಅಂದರೆ ಹೆಡ್‌ನ ವೇಗ ಟೇಪಿನ ವೇಗದ ನೂರೈವತ್ತು ಪಟ್ಟಿಗಿಂತಲೂ ಹೆಚ್ಚು. ಪ್ರತಿ ಸೆಕೆಂಡಿಗೆ 50 ಟ್ರ್ಯಾಕ್‌ಗಳು. ಒಂದೊಂದರ ಅಗಲ ಸುಮಾರು 34 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ 34 ಭಾಗ. 1995ರಲ್ಲಿ ಬಂದ ಮಿನಿ ಡಿವಿಯಲ್ಲಿ ಇದು ಕೇವಲ 10 ಮೈಕ್ರಾನ್. ಅದರ ಡ್ರಮ್ಮಿನ ವ್ಯಾಸ 21.7 ಮಿಲಿಮೀಟರ್, ನಿಮಿಷಕ್ಕೆ 9000 ಸುತ್ತು. ಹೆಡ್‌ನ ವೇಗವೆಷ್ಟೆಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ. ಸೆಕೆಂಡಿಗೆ 10 ಮೀಟರಿಗಿಂತ ತುಸು ಹೆಚ್ಚು ಬಂದರೆ ಉತ್ತರ ಸರಿ.

ಇಷ್ಟು ಸೂಕ್ಷ್ಮವಾದ ಓದಿಗೆ ಹೆಡ್ ಟೇಪನ್ನು ತಾಗಿಕೊಂಡೇ ಇರಬೇಕು. ನಡುವೆ ಒಂದು ಮೈಕ್ರಾನ್ ದಪ್ಪದ ಕೊಳೆ ಕೂತರೂ ಚಿತ್ರ ಮಾಯ. ಬರಿಗಣ್ಣಿಗೆ ಕಾಣದ ಕೊಳೆ ಇಡೀ ಮದುವೆಯನ್ನೇ ಮುಚ್ಚಿಬಿಡಬಲ್ಲದು ಎಂಬುದು ಇದರಿಂದ ಸ್ಪಷ್ಟ.

ಮೊದಲು ಹೊರಗಿನ ತಪಾಸಣೆ

ವೈದ್ಯರು ಮೊದಲು ನಾಡಿ ನೋಡುತ್ತಾರೆ; ಹೊಟ್ಟೆ ಕೊಯ್ಯುವುದು ಆಮೇಲೆ. ಇಲ್ಲಿಯೂ ಹಾಗೆಯೇ. ಈ ಹಂತದಲ್ಲಿ ಕ್ಯಾಸೆಟ್ಟನ್ನು ಒಳಗೆ ಹಾಕುವ ಗೋಜೇ ಬೇಡ.

ಮೊದಲನೆಯದು ವಿದ್ಯುತ್ತು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಬ್ಯಾಟರಿಯನ್ನು ನಂಬಬೇಡಿ. ಅದು ಕ್ಯಾಮೆರಾದ ದೀಪ ಬೆಳಗಿಸೀತು, ಡ್ರಮ್ ತಿರುಗಿಸುವಷ್ಟು ಶಕ್ತಿ ಅದಕ್ಕಿರದು. ಕ್ಯಾಮೆರಾದ ಜೊತೆ ಬಂದ ಅಡಾಪ್ಟರನ್ನೇ ಬಳಸಿ. ಬೇರೆಯದು ಬೇಕಾದರೆ ಅದರ ಮೇಲೆ ಬರೆದ ವೋಲ್ಟೇಜ್, ಆಂಪಿಯರ್, ಧನ-ಋಣ ತುದಿಗಳ ಗುರುತು ಮೂರನ್ನೂ ಹೋಲಿಸಿ ನೋಡಿ. ಪಿನ್ನು ಹೊಂದಿತೆಂಬ ಮಾತ್ರಕ್ಕೆ ಚುಚ್ಚಬಾರದು.

ಎರಡನೆಯದು ಸ್ವಿಚ್ಚು. ಚಿತ್ರೀಕರಣಕ್ಕೆ ಒಂದು ಸ್ಥಾನ, ನೋಡುವುದಕ್ಕೆ ಇನ್ನೊಂದು ಸ್ಥಾನ ಇರುತ್ತದೆ. ಎರಡನೆಯದರ ಹೆಸರು ಕೆಲವದರಲ್ಲಿ 'ವಿಟಿಆರ್', ಕೆಲವದರಲ್ಲಿ 'ಪ್ಲೇಯರ್'. ಸ್ವಿಚ್ಚು 'ಕ್ಯಾಮೆರಾ' ಕಡೆಗಿದ್ದಾಗ ಮಕ್ಕಳು ಕೆಂಪು ಗುಂಡಿ ಒತ್ತಿದರೆ ಹಳೆಯ ಚಿತ್ರದ ಮೇಲೆ ಹೊಸದು ಕೂರುತ್ತದೆ. ಆಗ ಅಳಿದದ್ದು ನಿಜವಾಗಿಯೂ ಅಳಿದಂತೆಯೇ.

ಮೂರನೆಯದು ವೈರು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಕ್ಯಾಮೆರಾದ ಕಡೆ ಒಂದೇ ಸಣ್ಣ ಪಿನ್ನು ಇರುವ ವೈರುಗಳಲ್ಲಿ ಒಂದು ಮೋಸವಿದೆ. ಹೊರನೋಟಕ್ಕೆ ಒಂದೇ ಥರ ಕಂಡರೂ ಒಳಗಿನ ಜೋಡಣೆಯ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪು ವೈರು ಹಾಕಿದರೆ ಚಿತ್ರದ ಸಂಕೇತ ಧ್ವನಿಯ ದಾರಿ ಹಿಡಿದು, ಟಿ.ವಿ.ಯಲ್ಲಿ ಚಿತ್ರವಿಲ್ಲದೆ 'ಗೊಂಯ್' ಎಂಬ ಸದ್ದು ಮಾತ್ರ ಬರುತ್ತದೆ. ಟಿ.ವಿ. ಬದಿಯ ಹಳದಿಯನ್ನೂ ಕೆಂಪನ್ನೂ ಅದಲುಬದಲು ಮಾಡಿ ನೋಡಿ. ಚಿತ್ರ ಬಂದರೆ ತಪ್ಪು ವೈರಿನದೇ.

ನಾಲ್ಕನೆಯದು ಟಿ.ವಿ. ಹಳೆಯ ಟಿ.ವಿ.ಗಳು ದುರ್ಬಲ ಸಂಕೇತವನ್ನೂ ಚುಕ್ಕೆಗಳ ನಡುವೆ ತೋರಿಸುತ್ತಿದ್ದವು. ಹೊಸ ಟಿ.ವಿ.ಗಳಿಗೆ ಆ ತಾಳ್ಮೆಯಿಲ್ಲ. ಸಂಕೇತ ತುಸು ತಪ್ಪಿದರೂ ನೀಲಿ ಪರದೆ ಇಳಿಸಿಬಿಡುತ್ತವೆ. ಹೀಗಾಗಿ ಪರೀಕ್ಷೆಗೆ ಕ್ಯಾಮೆರಾದ ಕಿಂಡಿಯೇ ಲೇಸು. ಕಿಂಡಿಯಲ್ಲಿ ಚಿತ್ರವಿದ್ದು ಟಿ.ವಿ.ಯಲ್ಲಿ ಇಲ್ಲವೆಂದರೆ ಟೇಪೂ ಹೆಡ್ಡೂ ನಿರಪರಾಧಿಗಳು.

ಭಾಷೆಯೇ ಬೇರೆಯಾದರೆ

ಐದನೆಯದು ಪದ್ಧತಿಯ ವ್ಯತ್ಯಾಸ. 1982ರಲ್ಲಿ ಬಣ್ಣದ ದೂರದರ್ಶನ ಬಂದಾಗ ಭಾರತ ಒಪ್ಪಿಕೊಂಡದ್ದು ಪಾಲ್ ಪದ್ಧತಿಯನ್ನು: 625 ಗೆರೆ, ಸೆಕೆಂಡಿಗೆ 50 ಅರೆಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸುಮಾರು 60 ಅರೆಚಿತ್ರ. ಅಮೆರಿಕದಲ್ಲಿದ್ದ ಮಗನೋ ಮಗಳೋ ರಜೆಗೆ ಬಂದಾಗ ಅಲ್ಲಿನ ಕ್ಯಾಮೆರಾದಲ್ಲಿ ಊರ ಜಾತ್ರೆ ಚಿತ್ರಿಸಿ, ಟೇಪನ್ನು ಇಲ್ಲಿ ಬಿಟ್ಟುಹೋಗಿದ್ದರೆ ಇಲ್ಲಿನ ಪಾಲ್ ಕ್ಯಾಮೆರಾ ಅದನ್ನು ಸರಿಯಾಗಿ ತೋರಿಸಲಾರದು. ಕನ್ನಡ ಮಾತ್ರ ಬಲ್ಲವರ ಕೈಗೆ ಜಪಾನಿ ಪತ್ರ ಕೊಟ್ಟ ಹಾಗೆ. ಟೇಪಿನ ತಪ್ಪೇನು ಬಂತು?

8 ಮಿಲಿಮೀಟರ್ ಬಳಗದಲ್ಲಿಯೇ ಮೂರು ಭಾಷೆಗಳಿವೆ. ಮೊದಲನೆಯದು ವಿಡಿಯೊ-8. 1989ರಲ್ಲಿ ಬಂದದ್ದು ಹೈ-8. 1999ರಲ್ಲಿ ಬಂದದ್ದು ಡಿಜಿಟಲ್-8. ಕ್ಯಾಸೆಟ್ಟಿನ ಆಕಾರ ಒಂದೇ. ಆದರೆ ಹೈ-8 ಚಿತ್ರ ವಿಡಿಯೊ-8 ಯಂತ್ರದಲ್ಲಿ ವಿಕಾರವಾಗಿ ಕಾಣುತ್ತದೆ. ಡಿಜಿಟಲ್-8 ಚಿತ್ರವಂತೂ ಹಳೆಯ ಎರಡು ಯಂತ್ರಗಳಲ್ಲಿಯೂ ಬರುವುದೇ ಇಲ್ಲ. ಡಿಜಿಟಲ್-8 ಚಿತ್ರೀಕರಣಕ್ಕೆ ಹೈ-8 ಎಂದು ಮುದ್ರಿತವಾದ ಕ್ಯಾಸೆಟ್ಟುಗಳನ್ನೇ ಬಳಸುವ ರೂಢಿಯಿದ್ದುದರಿಂದ ಹೊರಗಿನ ಚೀಟಿಯನ್ನು ನಂಬುವ ಹಾಗಿಲ್ಲ. ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಮನೆಯ ಹಿರಿಯರನ್ನು ಕೇಳುವುದೇ ಸರಿಯಾದ ಮಾರ್ಗ. ಇನ್ನೊಂದು ಮಾತು: ವಿಎಚ್‌ಎಸ್-ಸಿ ಎಂಬ ಚಿಕ್ಕ ಕ್ಯಾಸೆಟ್ಟನ್ನು ದೊಡ್ಡ ವಿಸಿಆರ್‌ನಲ್ಲಿ ಹಾಕಲು ಡಬ್ಬಿಯಂಥ ಅಡಾಪ್ಟರ್ ಇದೆ. 8 ಮಿಲಿಮೀಟರ್ ಕ್ಯಾಸೆಟ್ಟಿಗಾಗಲಿ ಮಿನಿ ಡಿವಿಗಾಗಲಿ ಅಂಥದ್ದು ಇಲ್ಲ, ಇರಲೂ ಸಾಧ್ಯವಿಲ್ಲ. ಅರ್ಧ ಅಂಗುಲದ ಟೇಪಿನ ಜಾಗದಲ್ಲಿ ಅವು ಓಡಲಾರವು.

ಒಳಗೆ ಹಾಕುವ ಮುನ್ನ

ಈಗ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಂಡಿಯಿಂದ ನೋಡಿ. ಸುರುಳಿಯ ಮೈ ಕನ್ನಡಿಯಂತೆ ಸಪಾಟಾಗಿದ್ದರೆ ಸಮಾಧಾನ. ಬೂದು ಬೂದಾಗಿ, ಹತ್ತಿಯ ಎಳೆಯಂಥ ಬಿಳಿ ಚುಕ್ಕೆಗಳಿದ್ದರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲವನ್ನೂ ಕರಾವಳಿಯ ಸೆಕೆಯನ್ನೂ ಕಂಡ ಟೇಪುಗಳಲ್ಲಿ ಇದು ಸಾಮಾನ್ಯ. ಅಂಥ ಟೇಪನ್ನು ಓಡಿಸಲೇಬಾರದು. ಬೂಷ್ಟು ಹೆಡ್‌ಗೆ ಮೆತ್ತಿ, ಅಲ್ಲಿಂದ ಮುಂದಿನ ಟೇಪಿಗೂ ಹಬ್ಬುತ್ತದೆ. ಅದನ್ನು ಚೀಲದಲ್ಲಿ ಬೇರೆಯಾಗಿ ಕಟ್ಟಿಟ್ಟು ಬಲ್ಲವರಿಗೆ ಕೊಡಬೇಕು. ಬೂಷ್ಟಿನ ಪುಡಿ ಉಸಿರಿಗೂ ಒಳ್ಳೆಯದಲ್ಲವಾದ್ದರಿಂದ ಮಕ್ಕಳು ಅದನ್ನು ಊದಿ ಹಾರಿಸುವುದು ಬೇಡ.

ನಂತರ ಕ್ಯಾಸೆಟ್ಟಿನ ಬೆನ್ನಲ್ಲಿರುವ ಪುಟ್ಟ ಜಾರುಗುಂಡಿ. ಮಿನಿ ಡಿವಿಯಲ್ಲಿ ಅದರ ಬದಿಗೆ 'ಸೇವ್', 'ರೆಕ್' ಎಂದು ಬರೆದಿರುತ್ತದೆ. ಗುಂಡಿ 'ಸೇವ್' ಕಡೆಗಿದ್ದರೆ ಆಕಸ್ಮಿಕವಾಗಿಯೂ ಅದರ ಮೇಲೆ ಬೇರೆ ಚಿತ್ರ ಕೂರದು. ಇದು ಸಣ್ಣ ವಿಷಯವೆನ್ನಬೇಡಿ. 1969ರಲ್ಲಿ ಮಾನವ ಚಂದ್ರನ ಮೇಲೆ ನಡೆದಾಡಿದ ದೃಶ್ಯದ ಸಂಕೇತವನ್ನು ನೇರವಾಗಿ ಹಿಡಿದಿಟ್ಟ ಮೂಲ ಟೇಪುಗಳು ಅಳಿಸಲ್ಪಟ್ಟು ಬೇರೆ ಕೆಲಸಕ್ಕೆ ಬಳಕೆಯಾಗಿರಬೇಕೆಂದು ನಾಸಾ ಸಂಸ್ಥೆ 2009ರಲ್ಲಿ ಹೇಳಬೇಕಾಯಿತು. ಟಿ.ವಿ. ಪ್ರಸಾರದ ಪ್ರತಿಗಳು ಬೇರೆಡೆ ಉಳಿದಿದ್ದರಿಂದ ದೃಶ್ಯ ಉಳಿಯಿತು. ಮನೆಯ ಟೇಪಿಗೆ ಆ ಅದೃಷ್ಟವಿಲ್ಲ.

ಬಲಿಗೆ ಬೇರೆ ಟೇಪು

ಯಂತ್ರದ ಆರೋಗ್ಯ ತಿಳಿಯದೆ ಅಮೂಲ್ಯವಾದ ಟೇಪನ್ನು ಅದರ ಬಾಯಿಗೆ ಕೊಡುವುದು ಅವಿವೇಕ. ಮೊದಲು ಹೋದರೂ ಅಳು ಬಾರದ ಒಂದು ಟೇಪನ್ನು ಆರಿಸಿ. ಟಿ.ವಿ.ಯಿಂದ ಇಳಿಸಿಕೊಂಡ ಹಳೆಯ ಕ್ರಿಕೆಟ್ ಪಂದ್ಯವಾದರೂ ಸರಿ. ಅದನ್ನು ಹಾಕಿ ಒಂದು ನಿಮಿಷ ಓಡಿಸಿ, ಹೊರತೆಗೆಯಿರಿ. ಯಂತ್ರ ಟೇಪನ್ನು ಜಗಿದಿದೆಯೇ, ಅಂಚು ಮಡಚಿದೆಯೇ, ಹೊರಬರುವಾಗ ಕುಣಿಕೆ ಬಿಟ್ಟಿದೆಯೇ ನೋಡಿ. ಇವುಗಳಲ್ಲಿ ಒಂದು ಕಂಡರೂ ಪ್ರಯೋಗ ಅಲ್ಲಿಗೆ ನಿಲ್ಲಲಿ.

ಯಂತ್ರ ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮುಂದಿನದು ತರ್ಕದ ಕೆಲಸ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ: ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಅದೇ ಯಂತ್ರದಲ್ಲಿ ಬೇರೆ ಟೇಪುಗಳೂ ಚುಕ್ಕೆಯನ್ನೇ ತೋರಿದರೆ ದೋಷ ಯಂತ್ರದ್ದು. ಬೇರೆ ಟೇಪುಗಳೆಲ್ಲ ಚೆನ್ನಾಗಿ ಬಂದು ಒಂದು ಮಾತ್ರ ಕೈಕೊಟ್ಟರೆ ಸಂಶಯ ಆ ಟೇಪಿನ ಮೇಲೆ, ಇಲ್ಲವೇ ಅದು ಯಾವ ಪದ್ಧತಿಯಲ್ಲಿದೆ ಎಂಬುದರ ಮೇಲೆ. ಅದೇ ಟೇಪು ನೆಂಟರ ಮನೆಯ ಯಂತ್ರದಲ್ಲಿ ಸರಿಯಾಗಿ ಬಂದರೆ ಟೇಪು ದೋಷಮುಕ್ತ. ಇನ್ನೊಂದು ವಿಚಿತ್ರವೂ ಉಂಟು. ಚಿತ್ರೀಕರಿಸಿದ ಕ್ಯಾಮೆರಾದಲ್ಲಿಯೇ ಟೇಪಿನ ಹಾದಿ ತುಸು ಓರೆಯಾಗಿದ್ದರೆ, ಅದರ ಟೇಪು ಅದೇ ಕ್ಯಾಮೆರಾದಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ. ಹೆಚ್ಚು ಹೊತ್ತು ಬರಲೆಂದು ಎಲ್‌ಪಿ ವೇಗದಲ್ಲಿ ತೆಗೆದ ಮಿನಿ ಡಿವಿ ಟೇಪುಗಳಲ್ಲಿ ಈ ತೊಂದರೆ ಹೆಚ್ಚು. ಹೀಗಾಗಿ ಮೂಲ ಕ್ಯಾಮೆರಾವನ್ನು ಕೆಟ್ಟಿದೆಯೆಂದು ಆತುರದಲ್ಲಿ ಮಾರಬಾರದು.

ಲಕ್ಷಣ ನೋಡಿ ರೋಗ ಹೇಳಿ

ಪರದೆ ತುಂಬ ಚುಕ್ಕೆ: ಹೆಡ್‌ಗಳಲ್ಲಿ ಕೊಳೆ ಕಟ್ಟಿರುವ ಸಂಭವ ಹೆಚ್ಚು. ಇಲ್ಲಿ ಧ್ವನಿಯೂ ಸಾಕ್ಷಿ ಹೇಳುತ್ತದೆ. ಸಾಮಾನ್ಯ ವಿಎಚ್‌ಎಸ್ ಯಂತ್ರದಲ್ಲಿ ಧ್ವನಿಯ ಬರಹ ಟೇಪಿನ ಅಂಚಿನಲ್ಲಿ ಬೇರೆಯೇ ಇದ್ದು, ಅದನ್ನು ಓದುವುದು ನಿಂತ ಹೆಡ್. ಅಲ್ಲಿ ಧ್ವನಿ ಸ್ಪಷ್ಟವಾಗಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ಟೇಪು ಖಾಲಿಯಲ್ಲ, ತಿರುಗುವ ಹೆಡ್ ಕೊಳೆಯಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ವಿಡಿಯೊ-8ರಲ್ಲಿ ಧ್ವನಿಯನ್ನೂ ತಿರುಗುವ ಹೆಡ್‌ಗಳೇ ಓದುವುದರಿಂದ ಎರಡೂ ಒಟ್ಟಿಗೆ ಮಾಯವಾಗುತ್ತವೆ. ಅದಕ್ಕೇ "ಟೇಪು ಪೂರ್ತಿ ಖಾಲಿ" ಎಂಬ ಭ್ರಮೆ ಅಲ್ಲಿ ಸುಲಭ.

ಒಂದು ಅರೆಚಿತ್ರ ಸರಿ, ಮುಂದಿನದು ಚುಕ್ಕೆ ಎಂಬಂತೆ ಮಿಣುಕುವುದು: ಎರಡು ಹೆಡ್‌ಗಳಲ್ಲಿ ಒಂದು ಕಟ್ಟಿದೆ. ಮಿನಿ ಡಿವಿಯಲ್ಲಿ ಇದೇ ದೋಷ ಅಡ್ಡಪಟ್ಟಿಗಳಾಗಿ ಕಾಣುತ್ತದೆ. ಪಾಲ್ ಪದ್ಧತಿಯಲ್ಲಿ ಒಂದು ಚಿತ್ರ 12 ಟ್ರ್ಯಾಕ್‌ಗಳಲ್ಲಿ ಹಂಚಿಹೋಗಿ, ಒಂದು ಬಿಟ್ಟು ಒಂದನ್ನು ಒಂದೊಂದು ಹೆಡ್ ಓದುವುದೇ ಇದಕ್ಕೆ ಕಾರಣ.

ಪರದೆಯ ಮೇಲೋ ಕೆಳಗೋ ಒಂದೇ ಕಡೆ ಚುಕ್ಕೆಯ ಪಟ್ಟಿ: ಹೆಡ್ ಸರಿಯಿದೆ, ಟೇಪು ಡ್ರಮ್ಮನ್ನು ಬಳಸುವ ಹಾದಿ ತಪ್ಪಿದೆ. ಆ ಹಾದಿಯ ಕಂಬಗಳನ್ನು ಕೂದಲೆಳೆಯಷ್ಟು ತಿರುಗಿಸಲೂ ಉಪಕರಣ ಬೇಕು. ಮನೆಯಲ್ಲಿ ಮುಟ್ಟಬಾರದು.

ಚಿತ್ರ ಅಲೆಯುವುದು, ಧ್ವನಿ ಎಳೆದಂತಾಗುವುದು: ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್ ಗಟ್ಟಿಯಾಗಿ ಜಾರುತ್ತಿರಬಹುದು.

ಯಂತ್ರ ಟೇಪನ್ನು ನುಂಗಿ ಕೂಡಲೇ ಉಗುಳುವುದು, ಅಥವಾ ಅರ್ಧಕ್ಕೆ ನಿಲ್ಲುವುದು: ಒಳಗಿನ ಗ್ರೀಸು ಒಣಗಿರಬಹುದು, ಹಲ್ಲುಚಕ್ರ ಸೀಳಿರಬಹುದು. ಸೋನಿ ಕ್ಯಾಮೆರಾಗಳ ಕಿಂಡಿಯಲ್ಲಿ ಸಂಕೇತಾಕ್ಷರಗಳು ಬರುತ್ತವೆ. ಸಿ:21 ಎಂದರೆ ಒಳಗೆ ತೇವ. ಸಿ:22 ಎಂದರೆ ಹೆಡ್ ಕೊಳೆ. ಸಿ:31 ಅಥವಾ ಸಿ:32 ಬಂದರೆ ಕ್ಯಾಸೆಟ್ ತೆಗೆದು, ವಿದ್ಯುತ್ ಕಳಚಿ, ಮತ್ತೆ ಜೋಡಿಸಿ ಪರೀಕ್ಷಾ ಟೇಪಿನಿಂದಲೇ ನೋಡಬೇಕು. ಮರಳಿ ಬಂದರೆ ರಿಪೇರಿಯವರ ಕೆಲಸ.

ತೇವದ ಸೂಚನೆ ಬಂದಾಗ ಗಾಬರಿ ಬೇಡ. ತಣ್ಣನೆಯ ಲೋಟದ ಹೊರಮೈ ಬೆವರುವಂತೆ, ಎ.ಸಿ. ಕೋಣೆಯಿಂದ ಹೊರತಂದ ಕ್ಯಾಮೆರಾದ ಡ್ರಮ್ಮೂ ಬೆವರುತ್ತದೆ. ಒದ್ದೆ ಡ್ರಮ್ಮಿಗೆ ಟೇಪು ಅಂಟಿ ಹರಿಯದಿರಲೆಂದೇ ಯಂತ್ರ ಮುಷ್ಕರ ಹೂಡುತ್ತದೆ. ಕ್ಯಾಸೆಟ್ಟಿನ ಬಾಗಿಲು ತೆರೆದು ಕನಿಷ್ಠ ಒಂದು ಗಂಟೆ ಸುಮ್ಮನೆ ಬಿಡಿ. ಬಿಸಿಗಾಳಿ ಊದುವುದು, ಬಿಸಿಲಿಗಿಡುವುದು ಎರಡೂ ಕೂಡದು.

ಹೆಡ್ ಶುಚಿ ಮಾಡುವ ಬಗೆ

ಸುಲಭದ ಮಾರ್ಗ ಆಯಾ ಮಾದರಿಯ ಒಣ ಕ್ಲೀನಿಂಗ್ ಕ್ಯಾಸೆಟ್. ಅದರ ಪಟ್ಟಿ ತುಸು ಒರಟು; ಹೆಡ್‌ನ ಕೊಳೆಯ ಜೊತೆಗೆ ಹೆಡ್ಡನ್ನೂ ಸವೆಸುತ್ತದೆ. ಆದ್ದರಿಂದ ಅದರ ಮೇಲೆ ಬರೆದಷ್ಟೇ ಹೊತ್ತು, ಸಾಮಾನ್ಯವಾಗಿ ಕೆಲವೇ ಸೆಕೆಂಡು ಓಡಿಸಬೇಕು. ಎರಡು ಮೂರು ಸಲಕ್ಕೂ ಗುಣವಾಗದಿದ್ದರೆ ನಿಲ್ಲಿಸಿ. ಔಷಧವೂ ಅತಿಯಾದರೆ ವಿಷ.

ಕೈಯಿಂದ ಒರೆಸುವುದು ಬಲ್ಲವರ ಕೆಲಸ. ಅವರು ಬಳಸುವುದು ನೀರಿಲ್ಲದ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಮೆದು ಚರ್ಮ. ಒರೆಸುವುದು ಡ್ರಮ್ಮು ತಿರುಗುವ ದಿಕ್ಕಿನಲ್ಲಿ ಮಾತ್ರ. ಮೇಲೆ ಕೆಳಗೆ ಉಜ್ಜಿದರೆ ಹೆಡ್‌ನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ, ಉಗುರಿನ ಬಣ್ಣ ತೆಗೆಯುವ ದ್ರವ, ಸೀಮೆಎಣ್ಣೆ, ಅತ್ತರು, ಇವು ಯಾವುವೂ ಹತ್ತಿರ ಸುಳಿಯಬಾರದು. ಹತ್ತಿಯ ಎಳೆ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ, ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಟೇಪು ಒಳಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಸ್ಕ್ರೂಡ್ರೈವರ್ ತೂರಿಸಬೇಡಿ. ಟೇಪು ಸಮೇತ ಹಾಗೆಯೇ ರಿಪೇರಿಯವರಿಗೆ ಒಯ್ಯಿರಿ. "ಕ್ಯಾಮೆರಾ ಹಾಳಾದರೂ ಚಿಂತೆಯಿಲ್ಲ, ಟೇಪು ಉಳಿಯಬೇಕು" ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ರಿಪೇರಿಯವರು ಟೇಪು ಕತ್ತರಿಸಿ ಕ್ಯಾಮೆರಾ ಉಳಿಸಿಯಾರು.

1980ರ ದಶಕದ ಕೊನೆಯ, 1990ರ ದಶಕದ ಮೊದಲ ಭಾಗದ ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೊಂದು ರೋಗವಿದೆ. ಒಳಗಿನ ಪುಟ್ಟ ಕೆಪಾಸಿಟರ್‌ಗಳಿಂದ ದ್ರವ ಸೋರಿ ಸರ್ಕೀಟನ್ನೇ ತಿನ್ನುತ್ತದೆ. ಟೇಪು ತಿರುಗುತ್ತಿದ್ದರೂ ಚಿತ್ರ ಮಸುಕು, ಧ್ವನಿ ಕರಕರ. ಇದಕ್ಕೆ ಹೆಡ್ ತಿಕ್ಕಿ ಪ್ರಯೋಜನವಿಲ್ಲ. ಇನ್ನೊಂದು ಯಂತ್ರ ಹುಡುಕುವುದೇ ಸುಲಭ.

ಬಂದಾಗಲೇ ಹಿಡಿಯಿರಿ

ಚಿತ್ರ ಮೂಡಿತೆಂದರೆ ಮನೆಮಂದಿಯನ್ನು ಕರೆದು ಮತ್ತೆ ಮತ್ತೆ ಓಡಿಸುವ ಆಸೆಯಾಗುವುದು ಸಹಜ. ಅದನ್ನು ತಡೆಹಿಡಿಯಬೇಕು. ಹಳೆಯ ಟೇಪಿನ ಒಂದೊಂದು ಓಟವೂ ಕೊನೆಯದಾಗಬಹುದು. ಮೊದಲ ಓಟದಲ್ಲಿಯೇ ಕಂಪ್ಯೂಟರಿಗೆ ಪ್ರತಿ ತೆಗೆಯುವ ಸಿದ್ಧತೆ ಇರಲಿ. ವಿಡಿಯೊ-8, ಹೈ-8, ವಿಎಚ್‌ಎಸ್‌ಗೆ ಹಳದಿ-ಬಿಳಿ-ಕೆಂಪು ವೈರನ್ನು ಯುಎಸ್‌ಬಿಗೆ ಜೋಡಿಸುವ ಕ್ಯಾಪ್ಚರ್ ಸಾಧನ ಬೇಕು. ಮಿನಿ ಡಿವಿ, ಡಿಜಿಟಲ್-8ಕ್ಕೆ ಫೈರ್‌ವೈರ್ ಎಂಬ ಕಿಂಡಿಯಿರುವ ಕಂಪ್ಯೂಟರ್ ಉತ್ತಮ. ಆಗ ಟೇಪಿನಲ್ಲಿರುವ ಅಂಕಿಗಳು ಇದ್ದಂತೆಯೇ ಇಳಿಯುತ್ತವೆ. ಒಂದು ಗಂಟೆಗೆ ಸುಮಾರು 13 ಗಿಗಾಬೈಟ್. ಫೈರ್‌ವೈರ್ ತುದಿಯನ್ನು ಬರೀ ವೈರಿನಿಂದ ಯುಎಸ್‌ಬಿಗೆ ಸೇರಿಸುತ್ತೇವೆಂದು ಮಾರುವ ಅಗ್ಗದ ಪಿನ್ನುಗಳಿಂದ ಈ ಕೆಲಸ ಆಗದು. ಇಳಿಸಿದ್ದನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡುವುದು ಜಾಣತನ.

ನಾಳೆ ನೋಡೋಣ ಎನ್ನುವಷ್ಟು ಕಾಲ ಉಳಿದಿಲ್ಲ. ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆಯನ್ನು 2016ರ ಜುಲೈನಲ್ಲಿ ನಿಲ್ಲಿಸಿತು. ಸೋನಿ ಕಂಪನಿ ಮಿನಿ ಡಿವಿ ಕ್ಯಾಸೆಟ್ಟುಗಳ ತಯಾರಿಕೆಯನ್ನು 2025ರ ಫೆಬ್ರವರಿಗೆ ಮುಗಿಸಿತು. ಟೇಪು ಓದುವ ಯಂತ್ರಗಳೂ ಅವನ್ನು ರಿಪೇರಿ ಮಾಡಬಲ್ಲ ಕೈಗಳೂ ಕಡಿಮೆಯಾಗುತ್ತಿವೆ ಎಂದು ಯುನೆಸ್ಕೊ 2019ರಲ್ಲಿಯೇ ಜಗತ್ತಿನ ಸಂಗ್ರಹಾಲಯಗಳನ್ನು ಎಚ್ಚರಿಸಿತ್ತು. ದೊಡ್ಡ ಸಂಗ್ರಹಾಲಯಗಳ ಕಷ್ಟವೇ ಹೀಗಿರುವಾಗ ಮನೆಯ ಅಟ್ಟದ ಪಾಡೇನು?

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಅದಕ್ಕೆ ಉಪಕರಣ ಬೇಡ. ಪ್ರತಿ ತೆಗೆದ ಮೇಲೆ ಮನೆಯ ಅತಿ ಹಿರಿಯರನ್ನು ಪರದೆಯ ಮುಂದೆ ಕೂರಿಸಿ, ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂರಬೇಕು. ಎಷ್ಟನೇ ನಿಮಿಷದಲ್ಲಿ ಯಾರು ಬಂದರು, ಅವರು ಯಾವ ಊರಿನವರು, ಏನಾಗಬೇಕು ಎಂದು ಕೇಳಿ ಬರೆದುಕೊಳ್ಳಬೇಕು. ಟೇಪಿನಿಂದ ಮುಖಗಳನ್ನೂ ದನಿಗಳನ್ನೂ ಯಂತ್ರ ಹೊರತೆಗೆದೀತು. ಆ ಮುಖಗಳ ಹೆಸರು ಮಾತ್ರ ಯಾವ ಟೇಪಿನಲ್ಲೂ ಬರೆದಿಲ್ಲ.